ಮಂಜಿನಲ್ಲೊಂದು ತಪ್ಪೊಪ್ಪಿಗೆ

ಹೇಳಿಯೇ ತೀರುತ್ತೇನೆ ಎಂದು ನಿರ್ಧರಿಸಿದೆ. ಅದೂ ಎಲ್ಲಿ? ಬೆಟ್ಟದ ತುದಿಯಲ್ಲಿ! ಎದುರಿಗೆ ಕಣಿವೆ, ಮೇಲೆ ಆಕಾಶ, ನಡುವೆ ನಾನು ಮತ್ತು ನನ್ನ ಹೆಂಡತಿ. ಇಪ್ಪತ್ತಾರು ವರ್ಷ ಎದೆಯಲ್ಲಿ ಅದುಮಿಟ್ಟುಕೊಂಡದ್ದನ್ನು ನಾಲ್ಕು ನಿಮಿಷದಲ್ಲಿ ಹೇಳಿ ಮುಗಿಸಿ, ಐದನೆಯ ನಿಮಿಷಕ್ಕೆ ಬಿಸಿ ಬಿಸಿ ಕಾಫಿ. ಎಂಥ ಯೋಜನೆ! ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಒಂದೇ ಒಂದು ಸೀಟಿಗೆ ಆರುನೂರು ಮಕ್ಕಳನ್ನು ಗೆರೆ ಎಳೆದಂತೆ ನಿಲ್ಲಿಸಿದ ಗಂಡು. ಒಬ್ಬ ಹೆಂಡತಿಯ ಮುಂದೆ ನಾಲ್ಕು ಮಾತು ಆಡಲಾರೆನೇ?

ಆಡಲಾರದೆಯೇ ಇಪ್ಪತ್ತಾರು ವರ್ಷ ಕಳೆದಿದ್ದೆ ಎನ್ನುವುದು ಬೇರೆ ಮಾತು.

ಸಂಗತಿ ಏನೆಂದು ಮೊದಲು ನಿಮಗೆ ಹೇಳಿಬಿಡುತ್ತೇನೆ. ಗುರುತು ಪರಿಚಯ ಇಲ್ಲದವರಿಗೆ ಇದನ್ನು ಹೇಳುವುದು ನನಗೀಗ ಸಲೀಸು; ಯಾಕೆಂದು ಮುಂದೆ ತಿಳಿಯುತ್ತದೆ.

ನಮ್ಮ ಮದುವೆಯಾಗಿ ಮೂರು ವರ್ಷವಾಗಿತ್ತು. ನನ್ನ ಹೆಂಡತಿ ಗಣಿತದಲ್ಲಿ ಪದವಿ ಪಡೆದವಳು. ಸುಮ್ಮನೆ ಪಾಸಾದವಳಲ್ಲ, ತರಕಾರಿ ಹೆಚ್ಚುತ್ತಾ ಮನಸ್ಸಿನಲ್ಲೇ ವರ್ಗಮೂಲ ತೆಗೆಯುವವಳು. ಒಂದು ಬೆಟ್ಟದೂರಿನ ಹೆಣ್ಣುಮಕ್ಕಳ ಶಾಲೆಗೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಒಂದು ಮಧ್ಯಾಹ್ನ ಅಂಚೆಯವನು ನೇಮಕದ ಕಾಗದ ತಂದ. ಕೊಟ್ಟದ್ದು ನನ್ನ ಕೈಗೆ. ಅವಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಓದಿದೆ. ಮಡಿಸಿದೆ. ನನ್ನ ಕ್ಯಾನ್ವಾಸ್ ಬೂಟಿನ ಡಬ್ಬಿಯ ತಳದಲ್ಲಿಟ್ಟೆ.

"ಪೋಸ್ಟ್ ಬಂತಾ?" ಎಂದಳು ಕೆಳಗಿಳಿದು.

"ಬಂತು. ಕರೆಂಟ್ ಬಿಲ್ಲು."

ಯಾಕೆ ಹಾಗೆ ಮಾಡಿದೆ? ದೂರದ ಊರು, ಚಳಿ, ಒಬ್ಬಳೇ ಹೇಗಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡ ಕಾರಣಗಳು ಒಂದು ಡಜನ್. ನಿಜವಾದದ್ದು ಒಂದೇ. ಡ್ರಿಲ್ ಮೇಷ್ಟ್ರು ಎಂದರೆ ಮಳೆ ಬಂದರೆ ರದ್ದಾಗುವ ಮೇಷ್ಟ್ರು! ಪರೀಕ್ಷೆ ಹತ್ತಿರವಾದರೆ ನನ್ನ ಪಿರಿಯಡ್ ಕಿತ್ತು ಗಣಿತದವರಿಗೆ ದಾನ ಮಾಡುತ್ತಿದ್ದರು. ಶಾಲೆಯಲ್ಲಿ ಗಣಿತದವರ ಕಾಟ ಸಾಲದೆಂದು ಮನೆಯಲ್ಲೂ ಒಬ್ಬರು ನನಗಿಂತ ಎತ್ತರದ ಕುರ್ಚಿಯಲ್ಲಿ ಕೂರುವುದು ನನಗೆ ಸಹಿಸಲಾಗಲಿಲ್ಲ. ಹೊಟ್ಟೆಕಿಚ್ಚು, ಸ್ವಾಮಿ! ಅದಕ್ಕೆ ಯಾವ ವ್ಯಾಯಾಮವೂ ಇಲ್ಲ.

ಅವಳು ಎರಡು ತಿಂಗಳು ಕಾದಳು. ಗೇಟಿನ ಸದ್ದಾದರೆ ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದಳು. ಆಮೇಲೆ ಒಂದು ದಿನ ಓಡಿ ಬರುವುದನ್ನು ನಿಲ್ಲಿಸಿದಳು. ಊಟದ ಮೇಜಿನ ಮೇಲೆ ಅಕ್ಕಪಕ್ಕದ ಮಕ್ಕಳಿಗೆ ಮನೆಪಾಠ ಹೇಳುತ್ತಾ ಉಳಿದ ವರ್ಷಗಳನ್ನು ಕಳೆದಳು.

ಕಳೆದ ತಿಂಗಳು ನನಗೆ ನಿವೃತ್ತಿಯಾಯಿತು. ಉದಾರನಾಗಿ, "ಎಲ್ಲಾದ್ರೂ ಹೋಗಿ ಬರೋಣ ಕಣೇ. ಎಲ್ಲಿಗೆ ಅಂತ ನೀನೇ ಹೇಳು" ಎಂದೆ. ಅವಳು ಒಂದು ಕ್ಷಣವೂ ಯೋಚಿಸದೆ ಅದೇ ಬೆಟ್ಟದೂರಿನ ಹೆಸರು ಹೇಳಿದಳು. ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೇರಿತು.

"ಅಲ್ಲೇನಿದೆ? ಬರೀ ಮಂಜು!"

"ಮಂಜನ್ನೇ ನೋಡೋಣ."

ಮುಗಿಯಿತು. ವಿಧಿಯೇ ಕರೆಯುತ್ತಿದೆ, ಹೇಳಿಬಿಡು ಮಹಾರಾಯ ಎಂದುಕೊಂಡೆ.

ಹೋಟೆಲಿನ ಕೋಣೆ ಎಷ್ಟು ತೇವವಾಗಿತ್ತೆಂದರೆ ಹಾಸಿಗೆಯನ್ನು ಹಿಂಡಿ ಒಣಹಾಕಬಹುದಿತ್ತು. ಕಿಟಕಿ ತೆಗೆದರೆ ಮಂಜು ನೆಂಟರ ಹಾಗೆ ಒಳಗೆ ಬಂದು ಮಂಚದ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ತಾಲೀಮು ಶುರು ಮಾಡಿದೆ. "ನೋಡು, ನಾನು ನಿನಗೆ ದೊಡ್ಡ ಅನ್ಯಾಯ ಮಾಡಿದೀನಿ..."

"ಯಾರ ಹತ್ರ ಮಾತಾಡ್ತಿದೀರಾ?" ಹೊರಗಿನಿಂದ ದನಿ.

"ಗೀಜರ್ ಹತ್ರ! ಬಿಸಿನೀರೇ ಬರ್ತಿಲ್ಲ!"

"ಬೈದ್ರೆ ಬರುತ್ತಾ?"

ಹತ್ತೂವರೆಗೆ ಬೆಟ್ಟದ ತುದಿಗೆ ಹೋದೆವು. ದಾರಿಯ ಬಾಯಲ್ಲಿ ಒಬ್ಬ ಹೆಂಗಸು ರೇನ್‌ಕೋಟುಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಎಲ್ಲವೂ ಹಳದಿ, ಎಲ್ಲವೂ ಮಂಡಿಯ ತನಕ, ಎಲ್ಲಕ್ಕೂ ತಲೆ ಮುಚ್ಚುವ ಟೊಪ್ಪಿಗೆ. ತೊಟ್ಟ ಮೇಲೆ ಗಂಡ ಯಾರು, ಹೆಂಡತಿ ಯಾರು, ಭೇದವಿಲ್ಲ! ಎಲ್ಲರೂ ಬಾಳೆಹಣ್ಣುಗಳೇ. ತುದಿಯಲ್ಲಿ 'ವ್ಯೂ ಪಾಯಿಂಟ್' ಎಂಬ ಫಲಕ. ವ್ಯೂ ಎಲ್ಲಿಯೂ ಇರಲಿಲ್ಲ, ಪಾಯಿಂಟ್ ಮಾತ್ರ ಇತ್ತು. ಚಾಚಿದ ನನ್ನ ಕೈಯೇ ನನಗೆ ಮೊಣಕೈತನಕ ಕಾಣುತ್ತಿತ್ತು, ಮುಂದಿನದು ಊಹೆ.

ಕಬ್ಬಿಣದ ಕಂಬಿ ಹಿಡಿದು ನಿಂತೆ. ಪಕ್ಕದಲ್ಲಿ ಅವಳೂ ನಿಂತಳು. ಇದೇ ಸಮಯ! ಮುಖ ಕಾಣುವುದಿಲ್ಲ, ಇನ್ನೂ ಒಳ್ಳೆಯದು. ಕಣ್ಣು ಮುಚ್ಚಿ, ಉಸಿರೆಳೆದು, ಅವಳ ಕೈ ಹಿಡಿದೆ. ಕೈ ಒಮ್ಮೆ ಬೆಚ್ಚಿತು, ಆದರೆ ಬಿಡಿಸಿಕೊಳ್ಳಲಿಲ್ಲ.

"ಮಧ್ಯ ಮಾತಾಡಬೇಡ. ನಿಲ್ಲಿಸಿದ್ರೆ ಮತ್ತೆ ಹೇಳೋಕಾಗಲ್ಲ" ಎಂದು ಶುರು ಮಾಡಿದೆ.

ಹೇಳಿದೆ. ಕಾಗದ ಬಂದದ್ದು, ಡಬ್ಬಿಯ ತಳ, ಕರೆಂಟ್ ಬಿಲ್ಲು, ಎಲ್ಲವನ್ನೂ. ಒದ್ದೆ ಕೈಯಲ್ಲಿ ಅವಳು ಓಡಿ ಬರುತ್ತಿದ್ದಾಗ ನಾನು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದುದನ್ನು ಹೇಳಿದೆ. ಆರು ವರ್ಷದ ನಂತರ ಹೆದರಿ ಆ ಕಾಗದವನ್ನು ಶಾಲೆಯ ಮೈದಾನದ ಹಿಂದೆ ಸುಟ್ಟದ್ದನ್ನೂ, ಸುಟ್ಟ ಮೇಲೆ ಅದರ ಒಂದೊಂದು ಸಾಲೂ ಬಾಯಿಪಾಠವಾಗಿ ಉಳಿದುಬಿಟ್ಟದ್ದನ್ನೂ ಹೇಳಿದೆ. "ನೀನು ಮನೆಪಾಠದ ಮಕ್ಕಳಿಗೆ ಲೆಕ್ಕ ಹೇಳಿಕೊಡೋದು ಊಟದ ಮೇಜಿನಿಂದ ಕೇಳಿಸ್ತಿತ್ತು. ಒಂದೊಂದು ದಿನವೂ ಕೇಳಿಸ್ತಿತ್ತು ಕಣೇ" ಎಂದೆ. ನಾಲ್ಕು ನಿಮಿಷದ ಭಾಷಣ ಹತ್ತು ನಿಮಿಷ ದಾಟಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಎದೆ ಮುಂದೆ ಮಾಡಿ ನಿಲ್ಲಲು ಕಲಿಸಿದವನು ಕಂಬಿಗೆ ಬಾಗಿ ಬಿಕ್ಕುತ್ತಿದ್ದೆ. ಪಕ್ಕದಲ್ಲೂ ಮೂಗೆಳೆಯುವ ಸದ್ದು.

"ಆಮೇಲೆ?" ಎಂದಿತು ಒಂದು ದನಿ.

ಅದು ನನ್ನ ಹೆಂಡತಿಯ ದನಿಯಾಗಿರಲಿಲ್ಲ!

ಟೊಪ್ಪಿಗೆ ಸರಿಸಿ ನೋಡಿದರೆ, ದುಂಡು ಮುಖದ ಯಾರೋ ಗೃಹಿಣಿ, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಕೈ ಇನ್ನೂ ನನ್ನ ಕೈಯಲ್ಲೇ ಇದೆ. ಕೆಂಡ ಮುಟ್ಟಿದವನಂತೆ ಬಿಟ್ಟೆ.

"ಅಯ್ಯೋ! ತಾಯೀ! ಮೊದಲೇ ಹೇಳಬಾರದಿತ್ತೇ?"

"ಮಧ್ಯ ಮಾತಾಡಬೇಡ ಅಂದ್ರಲ್ಲ ಅಣ್ಣ! ಆಮೇಲೆ ಅಳೋಕೆ ಶುರು ಮಾಡಿದ್ರಿ. ಅಳೋರನ್ನ ಹೇಗೆ ತಡೆಯೋದು? ಜೊತೆಗೆ... ಮುಂದೇನಾಯ್ತು ಅಂತ ನನಗೂ ತಿಳ್ಕೋಬೇಕಿತ್ತು."

ಅಷ್ಟರಲ್ಲಿ ಮಂಜಿನಿಂದ ಇನ್ನೊಂದು ಬಾಳೆಹಣ್ಣು ಮೂಡಿಬಂತು. ಆಕೆಯ ಗಂಡ. "ಯಾರಿವರು?"

"ಹೆಂಡ್ತಿ ಹತ್ರ ತಪ್ಪೊಪ್ಪಿಕೊಳ್ಳೋಕೆ ಬಂದಿರೋರು. ನೋಡಿ ಕಲೀರಿ!" ಎಂದು ಆಕೆ ಅವನ ಮೇಲೆ ಹರಿಹಾಯ್ದಳು. ಅವರ ಮನೆಯ ಬೆಂಕಿಗೂ ನಾನೇ ಕಡ್ಡಿ ಗೀರಿದಂತಾಯಿತು.

ಹಾಗಾದರೆ ನನ್ನವಳೆಲ್ಲಿ?  ಕಂಬಿಯ ಆಚೆ ಪ್ರಪಾತ. "ಲೇ ಇವಳೇ!" ಎಂದು ಕೂಗಿದೆ. ಮಂಜಿನೊಳಗಿಂದ ನಾಲ್ಕು ದಿಕ್ಕಿನಲ್ಲಿ ನಾಲ್ಕು ಹೆಂಗಸರು "ಆಂ?" ಎಂದರು! ಮದುವೆಯಾದಾಗಿನಿಂದ ಹೆಂಡತಿಯನ್ನು ಹೆಸರು ಹಿಡಿದು ಕೂಗದವನಿಗೆ ಇದೇ ಶಾಸ್ತಿ. ಭಯದಲ್ಲಿ ಹೆಸರೂ ನಾಲಿಗೆಗೆ ಬರಲಿಲ್ಲ. ಜೇಬಿನಲ್ಲಿದ್ದ ಸೀಟಿ ಕೈಗೆ ಸಿಕ್ಕಿತು. ಊದಿದೆ, ಜೀವವನ್ನೆಲ್ಲ ಸೇರಿಸಿ ಊದಿದೆ. ದಡದಡ ಸದ್ದು. ಪ್ರವಾಸಕ್ಕೆ ಬಂದಿದ್ದ ಯಾವುದೋ ಶಾಲೆಯ ಮಕ್ಕಳು ಮಂಜಿನಿಂದ ಓಡಿ ಬಂದು ಎರಡು ಸಾಲಾಗಿ ನನ್ನ ಮುಂದೆ ನಿಂತರು! ಹಿಂದೆಯೇ ಅವರ ಮೇಷ್ಟ್ರು. "ಏನ್ರೀ ಇದು? ಈಗ ತಾನೇ ತಿಂಡಿ ತಿನ್ನೋಕೆ ಬಿಟ್ಟಿದ್ದೆ!"

"ನನ್ನ ಹೆಂಡತಿ ಕಾಣಿಸ್ತಿಲ್ಲ" ಎಂದೆ.  ಅವರು ಬೈಯುವುದನ್ನು ನಿಲ್ಲಿಸಿ, ಮಕ್ಕಳನ್ನು ಕಂಬಿಯಿಂದ ದೂರ ಕರೆದುಕೊಂಡು ಹೋದರು. 

ರೇನ್‌ಕೋಟಿನ ಹೆಂಗಸಿನ ಬಳಿಗೆ ಓಡಿದೆ. "ಕನ್ನಡಕದ ಅಮ್ಮನಾ? ಆಗಲೇ ಇಳಿದು ಹೋದ್ರಲ್ಲ. ಹೆಣ್ಮಕ್ಕಳ ಸ್ಕೂಲಿಗೆ ದಾರಿ ಕೇಳಿದ್ರು" ಎಂದಳು.

ನಾನೂ ಇಳಿದೆ. ದಾರಿಯುದ್ದಕ್ಕೂ ಒಂದೇ ಸಮಾಧಾನ: ಬದುಕಿದ್ದಾಳೆ. ಒಂದೇ ಭಯ: ಅಲ್ಲಿಗೇ ಯಾಕೆ ಹೋದಳು?

ಕಲ್ಲಿನ ಹಳೆಯ ಕಟ್ಟಡ. ಗೇಟಿನ ಬಳಿ ಕೊಡೆ ಹಿಡಿದ ಜವಾನ. ಕೇಳಿದ್ದಕ್ಕೆ ಉತ್ಸಾಹದಿಂದ ಹೇಳಿದ: "ಗಣಿತದ ಮೇಡಂ ಬಸ್ಸು ಮಂಜಲ್ಲಿ ಸಿಕ್ಕಾಕ್ಕೊಂಡಿದೆ ಸಾರ್. ಅದೇ ಹೊತ್ತಿಗೆ ಇವರು ಬಂದ್ರು. ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿ ಕೆಲಸಕ್ಕೆ ಸೇರಬೇಕಿತ್ತಂತೆ. ಸುಮ್ನೆ ಒಂದ್ಸಲ ನೋಡಿ ಹೋಗ್ತೀನಿ ಅಂದ್ರು. ಹೆಡ್ ಮೇಡಂ ಹಳೇ ಪುಸ್ತಕ ತೆಗೆಸಿ ನೋಡಿದ್ರೆ, ಹೆಸರು ಇದೆ! ಮುಂದೆ 'ಹಾಜರಾಗಿಲ್ಲ' ಅಂತ ಬರ್ದಿದೆ. ಮೇಡಂ ನಕ್ಕುಬಿಟ್ಟು, 'ಹಾಗಾದ್ರೆ ಇವತ್ತು ಹಾಜರಾಗಿ, ಆರನೇ ಕ್ಲಾಸು ಗಲಾಟೆ ಮಾಡ್ತಿದೆ' ಅಂದ್ರು."

ಸೇರಬೇಕಿತ್ತಂತೆ! ಆ ಮಾತು ಅವಳಿಗೆ ಹೇಗೆ ಗೊತ್ತು?

ಜಗುಲಿಯಲ್ಲಿ ಮೂರನೆಯ ಬಾಗಿಲು. ಒಳಗೆ ಕರಿಹಲಗೆಯ ಮುಂದೆ ಅವಳು. ಹಳದಿ ಕೋಟು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಒಂಬತ್ತರಿಂದ ಯಾವ ಸಂಖ್ಯೆಯನ್ನು ಗುಣಿಸಿದರೂ ಉತ್ತರದ ಅಂಕಿಗಳನ್ನು ಕೂಡುತ್ತಾ ಹೋದರೆ ಮತ್ತೆ ಒಂಬತ್ತೇ ಬರುತ್ತದೆ, ಯಾಕೆ ಹೇಳಿ ನೋಡೋಣ ಎನ್ನುತ್ತಿದ್ದಳು. ನಲವತ್ತು ಹುಡುಗಿಯರು ಉಸಿರು ಬಿಗಿಹಿಡಿದು ಕೂತಿದ್ದರು. ಹಿಂದಿನ ಬೆಂಚಿನವಳೊಬ್ಬಳು ತಪ್ಪು ಉತ್ತರ ಹೇಳಿದಾಗ, "ತಪ್ಪು, ಆದ್ರೆ ಎಂಥಾ ಚಂದದ ತಪ್ಪು! ಬಾ, ಎಲ್ಲಿ ಎಡವಿದ್ದು ನೋಡೋಣ" ಎಂದು ಹಲಗೆಯ ಬಳಿಗೆ ಕರೆದಳು. ಆ ದನಿ! ಗಟ್ಟಿ, ಅಗಲ, ಕೋಣೆಯ ಮೂಲೆಮೂಲೆಗೂ ಹೋಗಿ ಕೂರುವ ದನಿ. ಊಟದ ಮೇಜಿನ ಮೇಲೆ ಅದು ಎಂದೂ ಕೇಳಿಸಿರಲಿಲ್ಲ. ನಾನು ಬಚ್ಚಿಟ್ಟದ್ದು ಬರೀ ಒಂದು ಕಾಗದ ಎಂದುಕೊಂಡಿದ್ದೆ.

"ಇವಳೇ..." ಎಂದೆ, ಬಾಗಿಲಲ್ಲಿ.

ನಲವತ್ತು ತಲೆಗಳು ತಿರುಗಿದವು. ಅವಳು ತಿರುಗಿ, ನೀರು ತೊಟ್ಟಿಕ್ಕುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಪಾಠ ನಡೀತಾ ಇದೆ. ಹೊರಗೆ ನಿಂತ್ಕೊಳ್ಳಿ."

ನಿಂತೆ. ಅರ್ಧ ಗಂಟೆಗೂ ಹೆಚ್ಚು ನಿಂತೆ. ಗಂಟೆ ಹೊಡೆಯಿತು. ಹುಡುಗಿಯರು ಗುಬ್ಬಚ್ಚಿಗಳ ಹಾಗೆ ಹಾರಿಹೋದರು. ಅವಳು ಕೋಟು ಮಡಿಸಿ ತೋಳಿಗೆ ಹಾಕಿಕೊಂಡು ಹೊರಗೆ ಬಂದಳು. ಬೆರಳ ತುಂಬ ಸೀಮೆಸುಣ್ಣ, ಒರೆಸಿಕೊಳ್ಳುತ್ತಿರಲಿಲ್ಲ.

"ಆ ಕಾಗದ..." ಎಂದೆ.

"ಬೂಟಿನ ಡಬ್ಬೀಲಿತ್ತು. ಗೊತ್ತು."

"ಯಾವಾಗಿಂದ?"

"ಡಬ್ಬಿಗೆ ಇರುವೆ ಮುತ್ತಿತ್ತು, ಒರೆಸೋಣ ಅಂತ ತೆಗೆದೆ. ಸೇರ್ಕೊಳ್ಳೋ ಗಡುವು ಮುಗಿದು ಒಂಬತ್ತು ದಿನ ಆಗಿತ್ತು."

ಅವಳು ಗೇಟಿಗೆ ಓಡಿ ಬರುವುದನ್ನು ನಿಲ್ಲಿಸಿದ ದಿನ! ಬೇಸತ್ತಳು ಎಂದುಕೊಂಡಿದ್ದೆ ನಾನು.

"ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಸುಳ್ಳು ಹೇಳ್ತಿದ್ರಿ. ಎರಡನೇ ಸುಳ್ಳು ಕೇಳಿದ್ಮೇಲೆ ನಿಮ್ಮ ಜೊತೆ ಇರೋಕೆ ನನ್ನಿಂದ ಆಗ್ತಿರ್ಲಿಲ್ಲ. ಅದಕ್ಕೇ ನೀವಾಗೇ ಹೇಳ್ಲಿ ಅಂತ ಕಾದೆ. ಮೊದಮೊದಲು ಸಿಟ್ಟಲ್ಲಿ ಕಾದೆ. ಆಮೇಲೆ ಅದೂ ಅಭ್ಯಾಸ ಆಯ್ತು, ಬೆನ್ನುನೋವಿನ ಹಾಗೆ."

"ಇವತ್ತು ಹೇಳ್ದೆ ಕಣೇ! ಎಲ್ಲಾ ಹೇಳ್ದೆ, ಒಂದಕ್ಷರ ಬಿಡದೆ!"

"ಯಾವಾಗ?"

"ಆಗಲೇ... ಮೇಲೆ... ಕೈ ಹಿಡ್ಕೊಂಡು."

"ನಾನು ಅಲ್ಲಿರಲೇ ಇಲ್ವಲ್ಲ!"

"ಅದೇ... ನಿನಗಲ್ಲ. ಬೇರೆ ಯಾರೋ ಒಬ್ಬರಿಗೆ. ಕೋಟು ಒಂದೇ ಥರ ಇತ್ತು."

ಅವಳು ನನ್ನನ್ನೇ ನೋಡಿದಳು. ತುಟಿ ಅದುರಿತು. ನಕ್ಕಳು. ಗೋಡೆಗೆ ಒರಗಿ, ಹೊಟ್ಟೆ ಹಿಡಿದು, ಕನ್ನಡಕ ತೆಗೆದು ನಕ್ಕಳು. "ಇಪ್ಪತ್ತಾರು ವರ್ಷ ಕಾದಿದ್ದು ನಾನು... ಕೇಳಿಸ್ಕೊಂಡಿದ್ದು ಇನ್ಯಾರೋ..." ನಗುನಗುತ್ತಲೇ ಅದು ಎಲ್ಲಿ ಅಳುವಾಯಿತೋ ನನಗೆ ತಿಳಿಯಲಿಲ್ಲ. ಸುಣ್ಣದ ಕೈಯಲ್ಲಿ ಮುಖ ಮುಚ್ಚಿಕೊಂಡಳು. ತಾಲೀಮು ಮಾಡಿದ್ದ ಭಾಷಣದಲ್ಲಿ ಒಂದು ಶಬ್ದವೂ ನನ್ನ ಬಳಿ ಉಳಿದಿರಲಿಲ್ಲ. "ತಪ್ಪಾಯ್ತು" ಎಂದೆ, ಅಷ್ಟೇ.

"ಹೂಂ" ಎಂದಳು, ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ.

ಅಷ್ಟರಲ್ಲಿ ಹೆಡ್ ಮೇಡಂ ಜಗುಲಿಯ ಆ ತುದಿಯಿಂದ ಬಂದರು. ಇವಳ ಕೆಂಪು ಕಣ್ಣನ್ನು ಕಂಡೂ ಕಾಣದವರಂತೆ ನನ್ನತ್ತ ತಿರುಗಿ, "ಇವರು?" ಎಂದರು.

"ನಮ್ಮನೆಯವರು" ಎಂದಳು ಕನ್ನಡಕ ಹಾಕಿಕೊಳ್ಳುತ್ತಾ.

"ಅಯ್ಯೋ, ಪೂರ್ತಿ ನೆನೆದಿದಾರಲ್ಲ! ಒಳಗೆ ಕೂರಿಸೋದು ಬಿಟ್ಟು ಹೊರಗೆ ಯಾಕೆ ನಿಲ್ಲಿಸಿದ್ರಿ?"

ನನ್ನ ಹೆಂಡತಿ ಗಟ್ಟಿಯಾಗಿ, ತರಗತಿಯ ದನಿಯಲ್ಲೇ ಹೇಳಿದಳು:

"ಲೇಟಾಗಿ ಬಂದ್ರು, ಮೇಡಂ."