ಕುರ್ಚಿ ಖಾಲಿಯಿಲ್ಲ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಮಧ್ಯಾಹ್ನದ ಒಂದು ಕೋಳಿನಿದ್ದೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದ ನಿಧಾನಪ್ಪ ಊಟವಾದೊಡನೆ ಗಿರಾಕಿಗಳ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಮುಖಕ್ಕೆ ಟವೆಲ್ ಹೊದ್ದು ಮಲಗಿಬಿಡುತ್ತಿದ್ದ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬರುವಷ್ಟರಲ್ಲಿ ಎಡಗಡೆ ಮತ್ತೆ ಬೆಳೆದಿರುತ್ತದೆ ಎಂದು ಬೀದಿಯವರು ಆಡಿಕೊಂಡು ಆಡಿಕೊಂಡು ಈ ಹೆಸರೇ ಗಟ್ಟಿಯಾಗಿತ್ತು.

ಎದುರಿಗೇ ಅವನ ಭಾವಮೈದುನನ ‘ಚಿಟಿಕೆ ಸಲೂನ್’. ಚಿಟಿಕೆ ಹೊಡೆಯುವುದರಲ್ಲಿ ತಲೆ ಬೋಳು. ಅಲ್ಲಿ ಸದಾ ಜನರ ಸಾಲು.

“ಮಲಗಿದ್ದು ಸಾಕು,” ಎಂದಳು ಹೆಂಡತಿ, ಒಂದು ದಿನ ಬೆಳಿಗ್ಗೆ ಬೆಳಿಗ್ಗೆಯೇ. “ಇವತ್ತು ಸಂಜೆಯೊಳಗೆ ನಮ್ಮ ಅಂಗಡಿ ಮುಂದೆ ಸಾಲು ನಿಂತಿರ್ಬೇಕು. ಇಲ್ಲಾಂದ್ರೆ ಬೀಗ ಹಾಕಿ, ನನ್ನ ತಮ್ಮನ ಹತ್ರ ಕೆಲಸಕ್ಕೆ ಸೇರ್ಕೊಳ್ಳಿ.”

ನಿಧಾನಪ್ಪ ಲೆಕ್ಕ ಹಾಕಿದ. ಚಿಟಿಕೆ ಸಲೂನಿನಲ್ಲಿ ಆಕಳಿಸುವುದಕ್ಕೂ ಬಿಡುವಿಲ್ಲ. ಇನ್ನು ಮಲಗುವುದೆಲ್ಲಿ ಬಂತು!

ಪಕ್ಕದಂಗಡಿಯ ದರ್ಜಿ ವಿಷಯ ಕೇಳಿದ್ದೇ ಬಂದು ಕುರ್ಚಿಯಲ್ಲಿ ಕುಳಿತ. ಕರೆಯದಿದ್ದರೂ ಬರುವ ಜಾತಿ ಅದು.

“ಅಭ್ಯಾಸ ಆಗೋವರೆಗೂ ನನ್ನ ಮೇಲೆ ಕೈ ಓಡಿಸೋ. ನನ್ನ ಹೊಲಿಗೆ ಮಿಷನ್ ಥರ ಓಡ್ಬೇಕು. ಹೂಂ, ಬೇಗ! ಇನ್ನೂ ಬೇಗ!”

ಕೈ ಓಡಿತು. ಜೊತೆಗೆ ಮೀಸೆಯ ಎಡಭಾಗವೂ ಓಡಿತು. ಸರಿದೂಗಿಸಲು ಬಲಭಾಗವನ್ನೂ ತೆಗೆಯಬೇಕಾಯಿತು.

ದರ್ಜಿ ಕನ್ನಡಿ ನೋಡಿ, “ಇದ್ಯಾರೋ?” ಎಂದ.

“ನೀನೇ ಕಣೋ,” ಎಂದ ನಿಧಾನಪ್ಪ ಸಣ್ಣ ದನಿಯಲ್ಲಿ.

ದರ್ಜಿಯ ಬೊಬ್ಬೆಗೆ, ಬರಬೇಕೆಂದಿದ್ದ ಗಿರಾಕಿಗಳೂ ರಸ್ತೆ ದಾಟಿ ಆಚೆ ಹೋದರು.

ಇನ್ನು ಬೀಗ ಹಾಕುವುದೇ ಸರಿ ಎಂದುಕೊಳ್ಳುವಾಗ ಸೀಟಿ ಸಾಹೇಬರು ನುಗ್ಗಿದರು. ಬಸ್ ನಿಲ್ದಾಣದ ಮೇಲ್ವಿಚಾರಕರು ಅವರು. ಅವರ ಸೀಟಿ ಕೇಳದೆ ಒಂದು ಬಸ್ಸೂ ಹೊರಡುವಂತಿರಲಿಲ್ಲ. ಕಣ್ಣುಗಳು ಬಸ್ಸಿನ ಹಿಂದಿನ ದೀಪದಂತೆ ಕೆಂಪಾಗಿದ್ದವು.

“ಎದುರಿಗೆ ಸಾಲು ಉದ್ದ ಇದೆ ಅಂತ ಬಂದೆ. ಗಡ್ಡ ತೆಗಿ, ಬೇಗ!”

ಒಂದು ಮುಖ ಕೆಡಿಸಿದ್ದಾಗಿತ್ತು. ಹೇಗೂ ಇದೇ ಕಡೆಯ ಗಿರಾಕಿ, ಏನಾದರಾಗಲಿ ನನ್ನ ಗತಿಯಲ್ಲೇ ಹೋಗುತ್ತೇನೆ ಎಂದು ನಿಧಾನಪ್ಪ ನಿಶ್ಚಯಿಸಿದ. ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಸಾಹೇಬರ ಮುಖದ ಮೇಲೆ ಹರಡಿದ. ಕುಂಚವನ್ನು ಕೆನ್ನೆಯ ಮೇಲೆ ಸುತ್ತಿಸಿದ, ಸುತ್ತಿಸಿದ, ಸುತ್ತಿಸುತ್ತಲೇ ಇದ್ದ. ಕತ್ತಿ ಹಾಲಿನ ಕೆನೆ ತೆಗೆಯುವಂತೆ ಸಾಗಿತು. ಸಾಹೇಬರು ಏನೋ ಗದರಲು ಬಾಯಿ ತೆರೆದರು. ಬಂದದ್ದು ಗೊರಕೆ.

ಸ್ವಲ್ಪ ಹೊತ್ತಿಗೆ ಕಂಡಕ್ಟರೊಬ್ಬ ಏದುಸಿರು ಬಿಡುತ್ತ ಓಡಿ ಬಂದ. “ಸಾಹೇಬ್ರೆಲ್ಲಿ? ಬಸ್ಸೆಲ್ಲಾ ನಿಂತಲ್ಲೇ...”

ಕುರ್ಚಿಯಲ್ಲಿ ಸಾಹೇಬರು ಕಂಡರು. ಅವನು ಮೆಲ್ಲಗೆ ಚಪ್ಪಲಿ ಬಿಟ್ಟು ಒಳಗೆ ಬಂದ.

“ಸೀನುವಾಗ ಬಿಟ್ರೆ ಇವ್ರು ಕಣ್ಣು ಮುಚ್ಚಿದ್ದನ್ನ ನಾನು ನೋಡೇ ಇಲ್ಲ,” ಎಂದು ಪಿಸುಗುಟ್ಟಿದ.

ಅವನನ್ನು ಹುಡುಕಿಕೊಂಡು ಡ್ರೈವರುಗಳು ಬಂದರು. ಅವರನ್ನು ಬೈಯುತ್ತ ಪ್ರಯಾಣಿಕರು ಬಂದರು. ಬಂದವರೆಲ್ಲ ಬಾಗಿಲಲ್ಲಿ ಬೈಗುಳ ನುಂಗಿ ನಿಂತರು. ಸಾಹೇಬರ ಹಣೆಯ ಗೆರೆಗಳೆಲ್ಲ ಮಾಯವಾಗಿದ್ದವು. ಸಿಡುಕುವುದಕ್ಕೆಂದೇ ಹುಟ್ಟಿದಂತಿದ್ದ ಆ ಮುಖ, ಹಾಲು ಕುಡಿದು ಮಲಗಿದ ಕೂಸಿನ ಮುಖವಾಗಿತ್ತು. ಹಾರ್ನುಗಳು ಸುಮ್ಮನಾದವು. ಬೀದಿಯ ಮರದ ಎಲೆಗಳು ಅಲುಗುವ ಸದ್ದು ಕೇಳಿಸಿತು. ಆ ಬೀದಿಯಲ್ಲಿ ಮರವಿದೆ ಎಂಬುದೇ ಎಷ್ಟೋ ಜನಕ್ಕೆ ಆಗ ಗೊತ್ತಾಯಿತು.

“ನನ್ನ ಮಗ ತೊಟ್ಟಿಲಲ್ಲಿದ್ದಾಗ ಹೀಗೇ ಮಲಗ್ತಿದ್ದ ಕಣಮ್ಮಾ,” ಎಂದಳು ಒಬ್ಬ ಮುದುಕಿ. ಯಾರೂ ನಗಲಿಲ್ಲ.

ಸಾಹೇಬರು ಎದ್ದಾಗ ಅವರ ಕಣ್ಣುಗಳು ಬೆಳ್ಳಗಾಗಿದ್ದವು. ನಿಧಾನಪ್ಪನ ಎರಡೂ ಕೈ ಹಿಡಿದುಕೊಂಡು, “ಎಷ್ಟು ವರ್ಷ ಆಗಿತ್ತಪ್ಪಾ!” ಎಂದರು. ಆಮೇಲೆ ಸೀಟಿ ನೆನಪಾಗಿ ಓಡಿದರು.

ಅಷ್ಟೇ. ಚಿಟಿಕೆ ಸಲೂನಿನ ಸಾಲು ಹಾವಿನಂತೆ ತಿರುಗಿ ರಸ್ತೆ ದಾಟಿತು. ಅರ್ಧ ಕ್ಷೌರವಾದವರೂ ಕುತ್ತಿಗೆಯ ಬಟ್ಟೆಯ ಸಮೇತ ಎದ್ದು ಬಂದರು.

ಬುತ್ತಿ ತಂದ ಹೆಂಡತಿ ಸಾಲು ನೋಡಿ ಬೆರಗಾಗಿ ಬಾಗಿಲಲ್ಲೇ ನಿಂತಳು. “ನಿಮ್ಮ ಕೈಯಲ್ಲಿ ಇಂಥದ್ದಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ,” ಎಂದಳು. ಗಂಡ ಹಿಗ್ಗಿದ. ಅಂಗಡಿ ಉಳಿಯಿತು!

“ಬೇಗ ಮಲಗಿಸಪ್ಪಾ, ನಂಗೆ ಅರ್ಜೆಂಟಿದೆ!” ಎಂದ ಕುರ್ಚಿಯಲ್ಲಿದ್ದವನು.

“ಒಬ್ನೇ ಎಷ್ಟು ಹೊತ್ತು ನಿದ್ದೆ ಹೊಡೀತೀಯೋ? ನಾವೂ ಮಲಗ್ಬೇಡ್ವಾ?” ಎಂದು ಸಾಲು ಕೂಗಿತು.

ಮೀಸೆ ಕಳೆದುಕೊಂಡ ದರ್ಜಿ ತಾನೇ ಉಸ್ತುವಾರಿ ವಹಿಸಿ, ನಿದ್ದೆ ಹತ್ತಿದವರನ್ನು ಅಳತೆಯ ಕಡ್ಡಿಯಿಂದ ತಿವಿದು ಎಬ್ಬಿಸತೊಡಗಿದ.

ಬುತ್ತಿ ಮುಚ್ಚಿದ ಹಾಗೇ ಆರಿತು. ನಿಧಾನಪ್ಪನ ರೆಪ್ಪೆಗಳು ಜೋಲತೊಡಗಿದವು. “ಲೇ, ಒಂದು ಗಳಿಗೆ ಒರಗ್ತೀನಿ ಕಣೇ...”

“ಒರಗೋದಾ?” ಹೆಂಡತಿಯ ಹುಬ್ಬು ನೆತ್ತಿಗೇರಿತು. “ಇಷ್ಟು ಜನ ನಿದ್ದೆಗೆ ಕಾಯ್ತಾ ನಿಂತಿರುವಾಗ ನಿಮಗೆ ನಿದ್ದೆ ಬರುತ್ತಾ? ಕೈ ಓಡಿಸಿ!”

ಕುಂಚ ಎತ್ತಿಕೊಂಡ ನಿಧಾನಪ್ಪ ಕನ್ನಡಿಯತ್ತ ನೋಡಿದ. ಕನ್ನಡಿಯೊಳಗೆ ಎದುರಿನ ಅಂಗಡಿ ಕಾಣುತ್ತಿತ್ತು. ಅಲ್ಲಿ ಗಿರಾಕಿ ಎಂಬ ಒಂದು ನರಪಿಳ್ಳೆಯೂ ಇಲ್ಲ. ಹೊಸ ಕುರ್ಚಿ ಪೂರ್ತಿ ಹಿಂದಕ್ಕೆ ಬಾಗಿತ್ತು. ಅದರಲ್ಲಿ ಕಾಲು ಚಾಚಿ, ಮುಖಕ್ಕೆ ಟವೆಲ್ ಹೊದ್ದು, ಭಾವಮೈದುನ ಹಾಯಾಗಿ ಗೊರಕೆ ಹೊಡೆಯುತ್ತಿದ್ದ.