ಮೂಗಿನ ಮುಂದೆ ಆಡಿದ ಕೈ

ಕೈ ಕಟ್ಟಿಕೊಂಡು ಮಾತಾಡು ಎಂದು ಯಾರಾದರೂ ಹೇಳಿದರೆ ನನ್ನ ಬಾಯಿ ಅಲ್ಲಿಗೇ ಬಂದ್. ಫೋನಿನಲ್ಲಿ ದಾರಿ ಹೇಳುವಾಗಲೂ ನಾನು ಕೈ ಎತ್ತಿ ಎಡಕ್ಕೆ ಬಲಕ್ಕೆ ತೋರಿಸುವವನು. ಆ ಕಡೆಯವನಿಗೆ ಅದು ಕಾಣುವುದಿಲ್ಲ ಎಂದು ಹೆಂಡತಿ ನೀಲಾ ನೆನಪಿಸಿದರೆ ಇನ್ನೂ ಜೋರಾಗಿ ತೋರಿಸುತ್ತೇನೆ. ಇದು ಉದ್ಯೋಗದಿಂದ ಅಂಟಿಕೊಂಡ ಚಾಳಿ. ಮನೆ ಬಳ್ಳಾರಿಯಲ್ಲಿ, ಕೆಲಸ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ, ಮ್ಯಾನೇಜರ್ ಎಂಬ ಹೆಸರಿನಲ್ಲಿ. ಗಿರಣಿ ತಿರುಗತೊಡಗಿದರೆ ಪಕ್ಕದಲ್ಲೇ ನಿಂತವನ ಕೂಗೂ ಕೇಳುವುದಿಲ್ಲ. ಬೆಲ್ಟ್ ಹರಿಯಿತು, ತೌಡು ತುಂಬಿತು, ಮಾಲೀಕರು ಬಂದರು, ಮಾಲೀಕರು ಸಿಟ್ಟಾಗಿದ್ದಾರೆ, ಚಹಾ ಬಂತು, ಎಲ್ಲವನ್ನೂ ಕೈಯಲ್ಲೇ ಹೇಳಬೇಕು. ಇಪ್ಪತ್ತು ವರ್ಷ ಹೀಗೆ ಕಳೆದ ಮೇಲೆ ಕೈಸನ್ನೆಯ ವಿಷಯದಲ್ಲಿ ನಾನು ಪಂಡಿತ ಎಂಬ ಭಾವನೆ ನನ್ನಲ್ಲಿ ಬೇರೂರಿತ್ತು. ಒಮ್ಮೆ ಮೋಕದ ಹತ್ತಿರ ಬಸ್ಸು ನಿಲ್ಲಿಸಲೆಂದು ಕೈ ಮಾಡಿದಾಗ ಚಾಲಕ ನಗುತ್ತಾ ತಾನೂ ಕೈ ಬೀಸಿ ಹೊರಟೇಹೋಗಿದ್ದ. ಆಗಲೂ ತಪ್ಪು ಅವನದೇ ಎಂದುಕೊಂಡಿದ್ದೆ.

ಈ ಪಾಂಡಿತ್ಯಕ್ಕೆ ಪರೀಕ್ಷೆ ಬಂದದ್ದು ಜಪಾನಿನಿಂದ. ನಮ್ಮ ಮಾಲೀಕರು ಅಕ್ಕಿಯಲ್ಲಿ ಕಪ್ಪು ಕಾಳು, ಹಳದಿ ಕಾಳು ನೋಡಿ ಬೇರೆ ಮಾಡುವ ಯಂತ್ರವೊಂದನ್ನು ತರಿಸಿದರು. ಅದನ್ನು ಕೂಡಿಸಿ ಕೊಡಲು ಮೊರಿತಾ ಎಂಬ ಅರವತ್ತರ ಆಸುಪಾಸಿನ ಇಂಜಿನಿಯರ್ ಬಂದರು. ಸಣ್ಣ ಮೈ, ಇಸ್ತ್ರಿ ಮಾಡಿದ ನೀಲಿ ಅಂಗಿ, ಮಾತಿಗೊಮ್ಮೆ ಬಾಗುವ ಸೊಂಟ. ಸಿರಿಗೇರಿಯಿಂದ ಬರುವ ನಮ್ಮ ಹಮಾಲಿ ಹುಲುಗಪ್ಪ ಮೊದಲ ದಿನವೇ ಅವರ ಹೆಸರನ್ನು ಮರಿಸ್ವಾಮಿ ಎಂದು ತಿದ್ದಿಕೊಂಡ. ಜೊತೆಗೆ ಚೆನ್ನೈನಿಂದ ದುಭಾಷಿ ಹುಡುಗಿಯೊಬ್ಬಳು ಬಂದಿದ್ದಳು. ಎರಡೇ ದಿನಕ್ಕೆ ಅವಳನ್ನು ಕಂಪನಿಯವರು ಬೇರೆ ಊರಿಗೆ ಕಳಿಸಿದರು. ಮೊರಿತಾ ಅವರಿಗೆ ಇಂಗ್ಲಿಷ್ ಹತ್ತು ಪದ ಬರುತ್ತಿತ್ತು. ನನ್ನ ಮೊಬೈಲಿನಲ್ಲಿ ಅನುವಾದ ಮಾಡುವ ಸೌಲಭ್ಯವೇನೋ ಇತ್ತು, ಗಿರಣಿಯ ಸದ್ದಿನಲ್ಲಿ ಅದಕ್ಕೆ ಕಿವಿ ಕೇಳಿಸುತ್ತಿರಲಿಲ್ಲ. ಮಾಲೀಕರು ಕೇಳುವ ಮೊದಲೇ ನಾನು ಎದೆ ಮುಟ್ಟಿಕೊಂಡು, "ನಾ ಅದೀನಲ್ರಿ, ಕೈಯಾಗ ಎಲ್ಲಾ ತಿಳಿಸ್ತೀನಿ" ಎಂದುಬಿಟ್ಟೆ.

ಮೂರು ದಿನ ಎಲ್ಲ ಸುಸೂತ್ರ. ನಾಲ್ಕನೆಯ ದಿನ ಲೈನ್ ರಿಪೇರಿಗೆಂದು ಸಿರುಗುಪ್ಪದಲ್ಲಿ ಕರೆಂಟ್ ತೆಗೆದರು. ಬಳ್ಳಾರಿಯ ಲಾಡ್ಜಿನಲ್ಲಿ ಒಬ್ಬರೇ ಕೂತು ಏನು ಮಾಡುತ್ತಾರೆಂದು ಮೊರಿತಾ ಅವರನ್ನು ಮಧ್ಯಾಹ್ನದ ಊಟಕ್ಕೆ ಮನೆಗೆ ಕರೆದೆ. ನೀಲಾ ಬೆಳಿಗ್ಗೆಯಿಂದಲೇ ಒಲೆಯ ಮುಂದಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು, ಎಲ್ಲಕ್ಕಿಂತ ಮುಖ್ಯವಾಗಿ ಬದನೆಕಾಯಿ ಎಣ್ಣೆಗಾಯಿ. ಎಣ್ಣೆಗಾಯಿ ಅವಳ ತವರು ಕುರುಗೋಡಿನ ಆಸ್ತಿ. ತಾಯಿಯಿಂದ ಕಲಿತದ್ದು. ಅದನ್ನು ಹೊಗಳದೆ ನಮ್ಮ ಮನೆಯಿಂದ ಈವರೆಗೆ ಯಾರೂ ಹೊರಗೆ ಹೋಗಿಲ್ಲ, ಹೋಗಲು ಬಿಟ್ಟಿಲ್ಲ.

ಮೊರಿತಾ ಒಳಗೆ ಬಂದವರೇ ನೀಲಾಳಿಗೆ ಬಾಗಿ ನಮಸ್ಕರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಮುಗುಳ್ನಗುತ್ತಾ ಕಿರುಬೆರಳನ್ನು ಮೇಲಕ್ಕೆತ್ತಿ ತೋರಿಸಿದರು. ಕಿರುಬೆರಳಿನ ಅರ್ಥ ನನಗೆ ಗೊತ್ತಿಲ್ಲವೇ? ಒಂದನೇ ಇಯತ್ತೆಯಿಂದ ಮೇಷ್ಟರ ಮುಂದೆ ಎತ್ತಿದ ಬೆರಳು ಅದು. ಪಾಪ, ದಾರಿಯಲ್ಲಿ ಹೇಳಲು ಸಂಕೋಚವಾಗಿರಬೇಕು ಎಂದುಕೊಂಡು ತೋಳು ಹಿಡಿದು ಹಿತ್ತಲ ಬಚ್ಚಲಿಗೆ ಕರೆದೊಯ್ದು ಬಾಗಿಲು ತೆರೆದು ನಿಂತೆ. ಅವರು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ, ಬಾಗಿ ವಂದಿಸಿ ಒಳಗೆ ಹೋದರು. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಹೊರಬಂದು ಮತ್ತೆ ವಂದಿಸಿದರು. ಅತಿಥಿಯ ಮನಸ್ಸು ಅರಿತೆನೆಂದು ನನಗೆ ಹೆಮ್ಮೆಯಾಯಿತು.

ಊಟಕ್ಕೆ ಕೂತರು. ಎರಡು ರೊಟ್ಟಿ, ಎರಡು ಸಲ ಎಣ್ಣೆಗಾಯಿ ಆಯಿತು. ನೀಲಾ ಮೂರನೆಯ ಸಲ ಸೌಟು ಹಿಡಿದು ಬಾಗಿದಾಗ ಮೊರಿತಾ ಅಂಗೈಯನ್ನು ಅಡ್ಡವಾಗಿ ಮೂಗಿನ ಮುಂದೆ ಹಿಡಿದು, ನೊಣ ಓಡಿಸುವವರ ಹಾಗೆ ಸರಸರ ಆಡಿಸಿದರು.

ಸೌಟು ಅಲ್ಲೇ ನಿಂತಿತು. ನೀಲಾ ಅಡಿಗೆಮನೆಗೆ ಹೋದಳು. ಅವಳು ಪಾತ್ರೆಗೆ ಮೂಗು ಹಚ್ಚಿ ನೋಡಿದ್ದು, ಆಮೇಲೆ ಬಚ್ಚಲ ಮೋರಿ ನೋಡಿದ್ದು, ಕೊನೆಗೆ ತನ್ನ ಸೆರಗನ್ನೇ ಮೂಸಿ ನೋಡಿದ್ದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಅತಿಥಿ ಹೋದ ಮೇಲೆ ಬಾಗಿಲು ಹಾಕಿ ಕೇಳಿದಳು.

"ನನ್ನ ಅಡಿಗಿ ನಾರ್ತೈತಂತೇನ್ರಿ?"

"ಏ, ಹಂಗಲ್ಲ. ಖಾರ ಆಗಿರಬೇಕು."

"ಖಾರ ಆದ್ರ ನಾಲಿಗಿ ಹೊರಗ ಬರ್ತೈತಿ. ಆತ ಮೂಗಿನ ಮುಂದ ಕೈ ಆಡಿಸಿದ. ನೀವ ಕೈ ಪಂಡಿತರು, ಹೇಳ್ರಿ."

ನಮ್ಮ ಕಡೆ ಆ ಸನ್ನೆಗೆ ಎರಡನೆಯ ಅರ್ಥವೇ ಇಲ್ಲ. ನಾನು ತಟ್ಟೆ ಎತ್ತಲು ಬಾಗಿದೆ, ಅದನ್ನೇ ಅವಳು ಹೌದೆಂದು ತಿಳಿದಳು. ಮರುದಿನದಿಂದ ನನ್ನ ಡಬ್ಬಿಯಲ್ಲಿ ಬೆಳ್ಳುಳ್ಳಿ ಮಾಯ, ಒಗ್ಗರಣೆ ಮಾಯ. ಬರೀ ಮೊಸರನ್ನ, ಅದಕ್ಕೂ ಇಂಗಿಲ್ಲ. ನಾಲ್ಕು ದಿನ ಗಿರಣಿಯಲ್ಲಿ ನಾನು ಹುಲುಗಪ್ಪನ ಡಬ್ಬಿಯ ಕಡೆ ಆಸೆಯಿಂದ ನೋಡುತ್ತಾ ಉಂಡೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಕುರುಗೋಡಿನ ದೊಡ್ಡ ಕಲ್ಲುಬಸವಣ್ಣನನ್ನು ನೋಡಬೇಕೆಂದು ಮೊರಿತಾ ಆಸೆಪಟ್ಟಿದ್ದರು. ಹೇಗೂ ನಿಮ್ಮ ಮಾವನ ಮನೆ ಅಲ್ಲೇ ಇದೆಯಲ್ಲ, ಭಾನುವಾರ ಕರೆದುಕೊಂಡು ಹೋಗಿ ಎಂದು ಮಾಲೀಕರು ಕಾರು ಗೊತ್ತು ಮಾಡಿದ್ದರು. ಅತ್ತೆ ಊಟಕ್ಕೆ ಬರಲು ಹೇಳಿ ಕಳಿಸಿದ್ದರು.

"ನಾ ಬರಂಗಿಲ್ಲ, ಆತನ್ನೂ ಕರಕೊಂಡು ಹೋಗಬ್ಯಾಡ್ರಿ" ಎಂದಳು ನೀಲಾ. "ನಮ್ಮವ್ವಗ ಎಪ್ಪತ್ತೆಂಟು ವರ್ಷ. ಆಕಿ ಮುಂದನೂ ಹಿಂಗ ಮೂಗು ಮುಚ್ಚಿಗೊಂಡ್ರ? ಆಕಿ ಊಟ ಬಿಡ್ತಾಳ." ಹೇಳುವಾಗ ಅವಳ ಕಣ್ಣು ತುಂಬಿತ್ತು. ಅಲ್ಲಿಯವರೆಗೆ ನಾನು ಇದನ್ನೊಂದು ತಮಾಷೆಯೆಂದೇ ತಿಳಿದಿದ್ದೆ.

ಶನಿವಾರ ಯಂತ್ರ ಓಡಿತು. ಒಂದು ಕಡೆ ಮಲ್ಲಿಗೆ ಮೊಗ್ಗಿನಂಥ ಅಕ್ಕಿ, ಇನ್ನೊಂದು ಕಡೆ ಕಪ್ಪು ಕಾಳು. ಮಾಲೀಕರು ಖುಷಿಯಲ್ಲಿ ಮೊರಿತಾ ಅವರ ಭುಜ ತಟ್ಟಿ, "ಮರಿಸ್ವಾಮಿಗಾರು, ಸೂಪರ್! ನಂಬರ್ ಒನ್!" ಎಂದರು. ಮೊರಿತಾ ನಾಚಿ ಕೆಂಪಾಗಿ, ಅಂಗೈಯನ್ನು ಮೂಗಿನ ಮುಂದೆ ಹಿಡಿದು ಸರಸರ ಆಡಿಸಿದರು!

"ಸಾಹುಕಾರ್ರು ನಾರ್ತಾರೇನ್ರಿ?" ಎಂದು ಹುಲುಗಪ್ಪ ನನ್ನ ಕಿವಿಯಲ್ಲಿ ಕೇಳಿದ.

ನನಗೆ ತಟ್ಟನೆ ಅನುಮಾನ ಹುಟ್ಟಿತು. ಹೊರಗೆ ಓಡಿ ಚೆನ್ನೈನ ಹುಡುಗಿಗೆ ಫೋನ್ ಮಾಡಿದೆ. ಅವಳು ನಗುತ್ತಲೇ ತಿಳಿಸಿದಳು: "ಸಾರ್, ಅವರಲ್ಲಿ ಅದು ಬೇಡ ಬೇಡ, ಸಾಕು, ಅಷ್ಟೇನಿಲ್ಲ ಅನ್ನೋದಕ್ಕೆ. ಸಂಕೋಚದ ಸನ್ನೆ." ಧೈರ್ಯ ಮಾಡಿ ಕಿರುಬೆರಳಿನ ವಿಷಯವನ್ನೂ ಕೇಳಿದೆ. "ಅದು ಹಳೇ ಕಾಲದ ಗಂಡಸರ ಸನ್ನೆ ಸಾರ್. ನಿಮ್ಮ ಹೆಂಡತಿಯಾ, ಪ್ರೇಯಸಿಯಾ ಅಂತ ಸಲಿಗೆಯಿಂದ ಕೇಳೋದು. ನೀವೇನು ಉತ್ತರ ಕೊಟ್ರಿ?" ನಾನು ಕೊಟ್ಟ ಉತ್ತರವನ್ನು ಅವಳಿಗೆ ಹೇಳಲಿಲ್ಲ. ಹೆಂಡತಿಯೇ ಎಂದು ಕೇಳಿದವರನ್ನು ಬಚ್ಚಲಿಗೆ ಕರೆದೊಯ್ದು ನಿಲ್ಲಿಸಿದ ಆತಿಥೇಯ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಮನೆಗೆ ಬಂದು ಹೇಳಿದರೆ ನೀಲಾ ನಂಬಲಿಲ್ಲ. "ಎಣ್ಣೆಗಾಯಿ ಬೇಕಾಗೈತಿ ನಿಮಗ, ಅದಕ್ಕ ಕತಿ ಕಟ್ಟಾಕ ಹತ್ತೀರಿ" ಎಂದಳು. ಅರ್ಧ ನಿಜವಾದ್ದರಿಂದ ನಾನು ವಾದಿಸಲಿಲ್ಲ.

ಭಾನುವಾರ ಬೆಳಿಗ್ಗೆ ಮೊರಿತಾ ಅವರನ್ನು ಕೂರಿಸಿಕೊಂಡ ಕಾರು ನಮ್ಮ ಬಾಗಿಲಿಗೆ ಬಂತು. ನೀಲಾ ಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಅವರು ಇಳಿದು ವಂದಿಸಿದ್ದೇ ತಡ, ಎದ್ದುಹೋಗಿ ಮೊಳದಷ್ಟು ಮಲ್ಲಿಗೆಯನ್ನು ಅವರ ಮುಖದ ಹತ್ತಿರ ಹಿಡಿದು, ತಗೊಳ್ಳಿ ಎಂಬಂತೆ ಕೈ ನೀಡಿದಳು. ಮೊರಿತಾ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದು, ನಗುತ್ತಾ, ಮೂಗಿನ ಮುಂದೆ ಕೈ ಆಡಿಸಿದರು.

ನೀಲಾ ನನ್ನ ಕಡೆ ತಿರುಗಿದಳು. ಮುಖದಲ್ಲಿ ನಾಲ್ಕು ದಿನದಿಂದ ಕಾಣದಿದ್ದ ಬೆಳಕು.

"ಈಗಷ್ಟ ಬಿಡಿಸಿದ ಮಲ್ಲಿಗಿ ನಾರೂದಿಲ್ಲ" ಎಂದಳು. "ನಿಂದರ್ರಿ, ಸೀರಿ ಬದಲಿಸಿ ಬರ್ತೀನಿ."

ಚೆನ್ನೈನ ಹುಡುಗಿಯೂ ನಾನೂ ಸೇರಿ ಸಾಧಿಸಲಾಗದ್ದನ್ನು ಮೊಳ ಹೂವಿನಲ್ಲಿ ಸಾಧಿಸಿದವಳ ಹಿಂದೆ ನಾನು ಚೀಲ ಹೊತ್ತು ಕಾರು ಹತ್ತಿದೆ.

ಕುರುಗೋಡಿನಲ್ಲಿ ಮೊರಿತಾ ಕಲ್ಲುಬಸವಣ್ಣನ ಮುಂದೆ ಬಹಳ ಹೊತ್ತು ಕೈಮುಗಿದು ನಿಂತರು. ಆಮೇಲೆ ಅತ್ತೆಯ ಮನೆ. ಅತ್ತೆಗೆ ಕಿವಿ ಮಂದ, ಹಾಗಾಗಿ ಪರಭಾಷೆಯ ತೊಂದರೆಯೇ ಅವರಿಗಿರಲಿಲ್ಲ. ಅವರು ಬಡಿಸಿದರು, ಇವರು ಉಂಡರು. ಇವರು ಮೂಗಿನ ಮುಂದೆ ಕೈ ಆಡಿಸಿದಾಗೆಲ್ಲ ನೀಲಾ ಅವ್ವನ ಕಿವಿಯಲ್ಲಿ, "ಸಾಕು ಅಂತಾರವ್ವಾ, ಇನ್ನೊಂಚೂರು ಹಾಕು" ಎಂದು ಕೂಗುತ್ತಿದ್ದಳು. ಎಣ್ಣೆಗಾಯಿ ನನಗೂ ಎರಡು ಹೋಳು ಉಳಿಯಿತು.

ಹೊರಡುವಾಗ ಅತ್ತೆಗೆ ಮಮತೆ ಉಕ್ಕಿತು. ಮೊರಿತಾ ಅವರ ಮುಖದ ಮುಂದೆ ಎರಡೂ ಅಂಗೈ ನಿವಾಳಿಸಿ, ಬೆರಳು ಮಡಚಿ ತಮ್ಮ ಕಣತಲೆಗೆ ಒತ್ತಿ ಲಟಲಟನೆ ಲಟಿಕೆ ಮುರಿದರು. ಎಪ್ಪತ್ತೆಂಟರ ಬೆರಳುಗಳಿಂದ ಹತ್ತಕ್ಕೆ ಹತ್ತೂ ಸದ್ದು ಬಂತು. ನಮ್ಮಲ್ಲೇ ಇದಕ್ಕೆ ಎರಡು ಅರ್ಥ: ಮಗುವಿನ ಮುಂದೆ ಮುರಿದರೆ ಪ್ರೀತಿ, ಬೀದಿ ನಲ್ಲಿಯ ಜಗಳದಲ್ಲಿ ಮುರಿದರೆ ಶಾಪ. ಮೊರಿತಾ ಅವರಿಗೆ ತೋರಿದ್ದು ಮೂರನೆಯದು, ಹೊಡೆಯಲು ಬರುತ್ತಿದ್ದಾರೆ ಎಂದು. ಅವರು ಬಾಗಿಲಿಗೆ ಬೆನ್ನು ಹಚ್ಚಿ ನಿಂತರು. ಇಲ್ಲಿ ಸದ್ದಿಲ್ಲವಲ್ಲ ಎಂದು ನಾನು ಮೊಬೈಲ್ ತೆಗೆದು, "ಅಜ್ಜಿ ನಿಮ್ಮ ದೃಷ್ಟಿ ತೆಗೆದರು" ಎಂದು ಸ್ಪಷ್ಟವಾಗಿ ಹೇಳಿದೆ. ಮೊಬೈಲ್ ಜಪಾನಿಯಲ್ಲಿ ಏನೋ ಉಲಿಯಿತು. ಮೊರಿತಾ ಎರಡೂ ಕಣ್ಣು ಮುಟ್ಟಿ ನೋಡಿಕೊಂಡರು.

ಮತ್ತೆ ಚೆನ್ನೈಗೆ ಫೋನು. ಹುಡುಗಿ ಮೊರಿತಾ ಅವರಿಗೆ ವಿವರಿಸಿದಳು. ಕೇಳುತ್ತಾ ಕೇಳುತ್ತಾ ಅವರ ಮುಖ ಮೆತ್ತಗಾಯಿತು. ಫೋನ್ ನನ್ನ ಕೈಗಿಟ್ಟು ಅತ್ತೆಯ ಮುಂದೆ ಮಂಡಿಯೂರಿ ಕೂತರು. ಅತ್ತೆಯ ಮುಖದ ಮುಂದೆ ತಮ್ಮ ಅಂಗೈ ಇಳಿಸಿ, ತಮ್ಮ ಕಣತಲೆಗೆ ಒತ್ತಿಕೊಂಡರು. ಒಂದೇ ಒಂದು ಬೆರಳು ಲಟ್ ಎಂದಿತು. ಅತ್ತೆ ಬೊಚ್ಚುಬಾಯಿ ತುಂಬ ನಕ್ಕು ಅವರ ಕೆನ್ನೆ ಹಿಡಿದರು. ನೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೂ ಎದೆ ತುಂಬಿತು. ಮದುವೆಯಾಗಿ ಇಪ್ಪತ್ತಾರು ವರ್ಷ, ಅತ್ತೆ ಒಮ್ಮೆಯೂ ನನಗೆ ಲಟಿಕೆ ಮುರಿದಿರಲಿಲ್ಲ. ಈ ಇಬ್ಬರನ್ನು ಇಷ್ಟು ಹತ್ತಿರ ತಂದವನು ನಾನೇ ಅಲ್ಲವೇ? ಮುಂದೆ ಹೋಗಿ ವಿನಯದಿಂದ ತಲೆ ಬಗ್ಗಿಸಿ ನಿಂತೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ನೋಡಿದರು.

"ನಿಮಗ್ಯಾಕ್ರಿ ಅಳಿಯಂದ್ರ?" ಎಂದರು. "ನಿಮಗ ಯಾರ ದೃಷ್ಟಿ ತಾಗ್ತೈತಿ?"

ಈ ಮಾತನ್ನು ಯಾರೂ ಅನುವಾದ ಮಾಡಲಿಲ್ಲ. ಆದರೂ ನನ್ನ ಮುಖ ನೋಡಿ ಎಲ್ಲರಿಗಿಂತ ಮೊದಲು ನಕ್ಕವರು ಮೊರಿತಾ.