ಸಂತರು ಹಾಯುವ ಓಣಿಯಲ್ಲಿ ನನ್ನ ಕಾರು

ಕಾರೋ ಬೈಕೋ ಎಂಬ ಪ್ರಶ್ನೆಯನ್ನು ನಮ್ಮೂರಿನ ಗಂಡಸರು ವರ್ಷಗಟ್ಟಲೆ ಕಾಫಿ ಕುಡಿಯುತ್ತ ಜಗ್ಗಾಡುತ್ತಾರೆ. ನುನ್ಸಿಯೊ ಎಂಬ ಹೆಸರಿನ ನಾನು ಅದನ್ನು ಒಂದೇ ಕಾಫಿಯಲ್ಲಿ ಬಗೆಹರಿಸಿದೆ. ಕಾರು! ಅಂಥ ಬುದ್ಧಿ ನನ್ನದು.

ಮೆಕ್ಯಾನಿಕ್ ಕಾರ್ಮಿನೆಯ ಶೆಡ್ಡಿನಲ್ಲಿ ಎರಡು ಹಳೇ ಗಾಡಿಗಳಿದ್ದವು. ಒಂದು ಕೆಂಪು ಬೈಕು, ಇನ್ನೊಂದು ಅದಕ್ಕಿಂತ ಸ್ವಲ್ಪವೇ ದೊಡ್ಡದಾದ ಬಿಳಿ ಕಾರು. ಎರಡಕ್ಕೂ ಒಂದೇ ಬೆಲೆ, ಎರಡು ಸಾವಿರ ಯೂರೊ. ನಮ್ಮ ಹತ್ತಿರ ಇದ್ದದ್ದೂ ಅಷ್ಟೇ. ಒಂದನ್ನು ಕೊಂಡರೆ ಇನ್ನೊಂದನ್ನು ತಿರುಗಿಯೂ ನೋಡುವ ಹಾಗಿಲ್ಲ.

ನನ್ನ ಹೆಂಡತಿ ಅಸ್ಸುಂತಾ ಬೈಕಿನ ಪಕ್ಷ. ಕಾರಣ, ಚರ್ಚಿನ ಚೌಕದಿಂದ ನಮ್ಮ ಮನೆಗೆ ಏರುವ ಓಣಿ. ಅಲ್ಲಿ ಎದುರುಬದುರು ಮನೆಯವರು ಕಿಟಕಿಯಿಂದಲೇ ಉಪ್ಪು, ಸಕ್ಕರೆ, ಬೈಗುಳ ಎಲ್ಲವನ್ನೂ ಬದಲಾಯಿಸಿಕೊಳ್ಳುತ್ತಾರೆ. ಆದರೆ ಚಳಿಗಾಲದಲ್ಲಿ ಮಂಡಿಚಿಪ್ಪು ಒಡೆದುಕೊಂಡವಳು ಬೈಕು ಹತ್ತುವುದು ಹೇಗೆ? ಏಳು ತಿಂಗಳಿಂದ ಅವಳು ಮನೆ ಬಿಟ್ಟು ಇಳಿದಿಲ್ಲ. ಅವಳ ತಂಗಿ ಪಾಲ್ಮಾಳ ಮನೆ ಇರುವುದು ಕಣಿವೆಯ ಆಚೆ. ಅದರ ಹೆಂಚು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ಪ್ರತಿ ಭಾನುವಾರ ಇವಳು ಫೋನಿನಲ್ಲಿ ತಂಗಿಯ ಜೊತೆ ನಗುತ್ತಾ, ಕಣ್ಣು ಮಾತ್ರ ಆ ಹೆಂಚಿನ ಮೇಲಿಟ್ಟಿರುತ್ತಿದ್ದಳು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

"ಬೈಕಾದ್ರೆ ಬಾಗಿಲ ತನಕ ಬರುತ್ತೆ. ಹೇಗೋ ಹತ್ತಿಕೊಳ್ತೀನಿ," ಎಂದಳು.

"ಕಾರೂ ಬರುತ್ತೆ. ಹೊಸ್ತಿಲಿಂದ ಸೀಟಿನ ತನಕ ನಿನ್ನ ಕಾಲು ನೆಲಕ್ಕೆ ತಾಗಬಾರದು, ಹಾಗೆ ನಿಲ್ಲಿಸ್ತೀನಿ."

"ಈ ಓಣೀಲಿ?"

"ಸಂತರು ಬರೋದಿಲ್ವಾ?"

ಪ್ರತಿ ಆಗಸ್ಟಿನಲ್ಲಿ ಸಂತ ದೊನಾತೊರ ಮೂರ್ತಿಯನ್ನು ಹನ್ನೆರಡು ಜನ ಹೊತ್ತು ಈ ಓಣಿಯಲ್ಲೇ ಮೆರವಣಿಗೆ ತರುತ್ತೇವೆ. ಇಪ್ಪತ್ತೆಂಟು ವರ್ಷದಿಂದ ಆ ಹನ್ನೆರಡರಲ್ಲಿ ನಾನೊಬ್ಬ. ಟೇಪು ಹಿಡಿದು ಚರ್ಚಿಗೆ ಹೋಗಿ ಸಂತರ ಪೀಠದ ಅಗಲ ಅಳೆದೆ. ಆಮೇಲೆ ಕಾರನ್ನು ಅಳೆದೆ. ಕಾರು ನಾಲ್ಕು ಬೆರಳು ಕಮ್ಮಿ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಅಸ್ಸುಂತಾ ಕೇಳಿಸಿಕೊಂಡು, "ಸಂತರಿಗೆ ಚಕ್ರ ಇಲ್ಲ," ಎಂದಷ್ಟೇ ಹೇಳಿ ಟೊಮೇಟೊ ಹೆಚ್ಚತೊಡಗಿದಳು. ಹೆಂಗಸರಿಗೆ ಅಳತೆಯ ಶಾಸ್ತ್ರ ಏನು ಗೊತ್ತು ಎಂದು ನಾನು ಒಳಗೊಳಗೇ ಮರುಗಿದೆ.

ಕಾರು ಕೊಂಡಾಯಿತು. ಪಾಲ್ಮಾಳ ಮನೆಗೆ ಊಟಕ್ಕೆ ಹೋಗುವ ಭಾನುವಾರವೂ ಬಂತು. ಕಣಿವೆಯ ಆಚೆ ಅವಳು ಬೆಳಗ್ಗೆಯೇ ಸಾಸ್ ಕುದಿಯಲು ಇಟ್ಟಿದ್ದಳು. ಅಸ್ಸುಂತಾ ನೀಲಿ ಉಡುಪು ತೊಟ್ಟು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ನಾನು ಚೌಕದಲ್ಲಿ ಹಾರನ್ ಬಾರಿಸಿ, ಕನ್ನಡಿಗಳನ್ನು ಮಡಚಿ, ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಓಣಿಗೆ ನುಗ್ಗಿದೆ. ಗೋಡೆಗಳು ಎರಡೂ ಕಡೆ ಸರಾಗವಾಗಿ ಸರಿದವು. ಕೊನೆಯ ತಿರುವಿನಲ್ಲಿ, ನಮ್ಮ ಬಾಗಿಲು ಕಣ್ಣಿಗೆ ಬಿದ್ದ ಹೊತ್ತಿಗೆ, ಕಟ್ ಎಂದು ಸದ್ದಾಯಿತು. ಕಾರು ನಿಂತಿತು.

ತಿರುವಿನ ಹಳೇ ಮನೆಗೆ ಹೊರಗೆ ಚಾಚಿದ ಒಂದು ಕಲ್ಲಿನ ಮೆಟ್ಟಿಲಿದೆ, ಮಂಡಿಯೆತ್ತರದ್ದು. ಮೆರವಣಿಗೆಯಲ್ಲಿ ಅಲ್ಲಿಗೆ ಬಂದಾಗ ಕಾರ್ಮಿನೆ "ಮೇಲಕ್ಕೆ!" ಎನ್ನುತ್ತಾನೆ, ನಾವು ಸಂತರನ್ನು ಸೊಂಟದಿಂದ ಹೆಗಲಿಗೆ ಏರಿಸಿ ಮೆಟ್ಟಿಲ ಮೇಲಿಂದ ದಾಟಿಸುತ್ತೇವೆ. ಇಪ್ಪತ್ತೆಂಟು ವರ್ಷ! ನನ್ನ ಹೆಗಲಿಗೆ ಅದು ಚೆನ್ನಾಗಿ ಗೊತ್ತಿತ್ತು. ತಲೆಗೆ ಹೇಳಿರಲಿಲ್ಲ.

ಹಿಂದೆ ತೆಗೆದರೆ ಇನ್ನಷ್ಟು ಬಿಗಿ. ಬಾಗಿಲು ತೆರೆಯಲು ಗೋಡೆ ಬಿಡದು, ಕಿಟಕಿಯಿಂದ ಹೊರಬರಲು ಹೊಟ್ಟೆ ಬಿಡದು. ಕಾರ್ಮಿನೆಗೆ ಸುದ್ದಿ ಹೋಯಿತು. ಅವನು ಉಳಿದ ಹತ್ತು ಜನರನ್ನೂ, ಪಾದ್ರಿಯ ಅಪ್ಪಣೆ ಪಡೆದು ಸಂತರನ್ನು ಹೊರುವ ಎರಡು ಉದ್ದನೆಯ ತೊಲೆಗಳನ್ನೂ ತಂದ. ಕಾರಿನ ಅಡಿಗೆ ತೊಲೆ ತೂರಿಸಿ ಹಗ್ಗ ಬಿಗಿದರು. ಕಡಿಮೆ ಬಿದ್ದ ಹನ್ನೆರಡನೆಯವನು ಕಾರಿನೊಳಗೆ ಕೂತಿದ್ದ.

ಕಾರ್ಮಿನೆ ಬಗ್ಗಿ ಗಾಜಿನಲ್ಲಿ ಇಣುಕಿದ. "ಇಷ್ಟು ವರ್ಷ ಹೊತ್ತಿದ್ದೀಯ, ಒಂದ್ಸಲ ಹೊರಿಸ್ಕೊ ಮಾರಾಯ," ಎಂದ.

ಹೀಗೆ ನನ್ನ ಮೆರವಣಿಗೆ ಹಿಮ್ಮುಖವಾಗಿ ಇಳಿಯಿತು. ಮೇಲಿನ ಕಿಟಕಿಯ ಮುದುಕಿ ಅಭ್ಯಾಸಬಲದಿಂದ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಯಾರೋ ಹೂವಿನ ಎಸಳು ಚೆಲ್ಲಿದರು. ಓಣಿಯೆಲ್ಲ ನಕ್ಕಿತು, ನಾನೂ ನಕ್ಕೆ. ನನ್ನ ಮುಖವಿದ್ದದ್ದು ಮನೆಯ ಕಡೆಗೆ. ತಿರುವಿನಲ್ಲಿ ಮರೆಯಾಗುವ ಮುಂಚೆ ಅಸ್ಸುಂತಾ ಮಡಿಲಿನ ಕೈಚೀಲವನ್ನು ಮೆಲ್ಲಗೆ ನೆಲಕ್ಕಿಡುವುದು ಕಂಡಿತು. ನನ್ನ ನಗು ಅಲ್ಲಿಗೆ ನಿಂತಿತು.

ಚೌಕದಲ್ಲಿ ಕಾರನ್ನು ಇಳಿಸಿದ್ದೇ ತಡ, ನಾನು ಏದುಸಿರು ಬಿಡುತ್ತಾ ಓಣಿ ಹತ್ತಿ ಅವಳ ಕುರ್ಚಿಯ ಮುಂದೆ ಬೆನ್ನು ಮಾಡಿ ಕುಕ್ಕರಿಸಿದೆ.

"ಹತ್ತು."

"ನುನ್ಸಿಯೊ, ನಾನು ಎಪ್ಪತ್ತು ಕಿಲೊ."

"ಸಂತರಿಗಿಂತ ಕಮ್ಮಿ. ಹತ್ತು."

ಅವಳು ಕೈಚೀಲ ಎತ್ತಿಕೊಂಡಳು. ನಮ್ಮ ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಅವಳ ಉಸಿರು ಇಷ್ಟು ಹತ್ತಿರದಿಂದ ಕೇಳಿ ಎಷ್ಟು ಕಾಲವಾಗಿತ್ತೋ. ತಿರುವಿನಲ್ಲಿ ಕೆಳಗಿಂದ ಕಾರ್ಮಿನೆ "ಮೇಲಕ್ಕೆ!" ಎಂದು ಕೂಗಿದ. ನನ್ನ ಹೆಗಲು ತಾನಾಗಿಯೇ ಅವಳನ್ನು ಮೇಲಕ್ಕೆ ಏರಿಸಿತು. ಹೊಸ್ತಿಲಿಂದ ಸೀಟಿನ ತನಕ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಮಾತು ಅಂದರೆ ಮಾತು!

ಕಣಿವೆಯ ಆಚೆ ಪಾಲ್ಮಾ, ಹೊರಗೆ ನಿಂತ ಗಾಡಿಯ ಕಡೆ ನೋಡುವಷ್ಟೂ ವ್ಯವಧಾನವಿಲ್ಲದೆ, ಅಕ್ಕನನ್ನು ಅಪ್ಪಿಕೊಂಡು ಅತ್ತು, ನಕ್ಕು, ಪಾಸ್ತಾದ ಪಾತ್ರೆ ತಂದಿಟ್ಟಳು. "ಕೊನೆಗೂ ಏನು ತಗೊಂಡ್ರಿ ಅಕ್ಕಾ, ಕಾರೋ ಬೈಕೋ?" ಎಂದು ಕೇಳಿದಳು.

"ಕಾರು. ಅದು ಚೌಕದಲ್ಲೇ ಇರುತ್ತೆ," ಎಂದಳು ಅಸ್ಸುಂತಾ. "ಓಣಿಗೆ ಒಂದು ಕತ್ತೆ ಇದೆ. ಮನೇಲೇ ಇತ್ತು, ಇಷ್ಟು ದಿನ ಗೊತ್ತಾಗಿರಲಿಲ್ಲ."

ಎಲ್ಲರಿಗಿಂತ ಗಟ್ಟಿಯಾಗಿ ನಾನೇ ನಕ್ಕೆ. ಅಸ್ಸುಂತಾ ನನ್ನ ತಟ್ಟೆಯನ್ನು ತಂಗಿಯ ಕಡೆ ಸರಿಸಿದಳು.

"ಅವನಿಗೆ ಮೊದಲು ಬಡಿಸೇ, ಚೆನ್ನಾಗಿ ಹಾಕು. ಬರುವಾಗ ಇಳಿಜಾರಿತ್ತು. ಸಂಜೆ ಏರು."